ಜನರಲ್ ಪ್ಯೋರನ್ನು ಕಡಲಿಗೆ ಎಸೆದದ್ದು

"ಅಂಚು ಬಿಡ್ರೀ," ಎಂದಳು ಬುನ್‌ಹ್ವಾ. "ತೊಟ್ಟಿ ಎಲ್ಲೂ ಓಡಿಹೋಗಲ್ಲ."

ಜನರಲ್ ಪ್ಯೋ ದೋಕ್‌ಸು ಬಿಡಲಿಲ್ಲ. ಹೇವೊನ್ ದೇಶದ ಇಡೀ ಮೆರೀನ್ ಪಡೆಗೆ ಹಿರಿಯ ಅಧಿಕಾರಿ ಅವರು. ಕೆಮ್ಮಿದರೆ ಮೂರು ದ್ವೀಪದಾಚೆಯ ಕಾವಲುಗಾರ ನಿದ್ದೆಯಲ್ಲೇ ಎದ್ದು ಸೆಲ್ಯೂಟ್ ಹೊಡೆಯುತ್ತಿದ್ದ. ಅಂಥವರು ಊರಿನ ಸ್ನಾನಗೃಹದಲ್ಲಿ, ಎದೆಮಟ್ಟದ ಬಿಸಿನೀರಿನ ತೊಟ್ಟಿಯ ಅಂಚನ್ನು ಹಲ್ಲಿಯ ಹಾಗೆ ಅಪ್ಪಿಕೊಂಡು ನಿಂತಿದ್ದರು. ಅಂದು ಸ್ನಾನಗೃಹಕ್ಕೆ ವಾರದ ರಜೆ. ಅದರ ಒಡತಿ ಬುನ್‌ಹ್ವಾಳ ಅಕ್ಕ. ಗಂಡನಿಗೆ ಸೊಂಟನೋವು, ಬಿಸಿನೀರಲ್ಲಿ ಕೂರಿಸಬೇಕು ಎಂದು ಅಕ್ಕನಿಗೆ ಸುಳ್ಳು ಹೇಳಿ ಬುನ್‌ಹ್ವಾ ಬೀಗದ ಕೈ ತಂದಿದ್ದಳು.

ಜನರಲ್ಲರಿಗೆ ಈಜು ಬರುತ್ತಿರಲಿಲ್ಲ.

ನಮ್ಮ ದೇಶದಲ್ಲಿ ಇದನ್ನು ಹೇಳಿದರೆ ಹೇಳಿದವನಿಗೇ ಹುಚ್ಚು ಎನ್ನುತ್ತಾರೆ. ನಮ್ಮಲ್ಲಿ ಕೂಸುಗಳು ಈಜಿಕೊಂಡೇ ಹುಟ್ಟುತ್ತವೆ, ಬೆಕ್ಕುಗಳು ಮೀನಿಗಾಗಿ ಮುಳುಗು ಹಾಕುತ್ತವೆ. ಆದರೆ ಪ್ಯೋ ಬೆಟ್ಟದ ಮೇಲೆ ಆಲೂಗಡ್ಡೆ ಬೆಳೆಯುವ ಹಳ್ಳಿಯವರು. ಪಡೆಗೆ ಸೇರಿದ ದಿನ ಎಂಥ ಬಿರುಗಾಳಿ ಎಂದರೆ, ಬಂದರಿನ ಹಡಗುಗಳು ಹಾರಿಹೋಗಿ ಮನೆಗಳ ಮಾಡಿನ ಮೇಲೆ ಕೂತಿದ್ದವು. ಈಜಿನ ಪರೀಕ್ಷೆ ಮಾಡಬೇಕಾದವರು ಎಲ್ಲರೂ ಪಾಸು ಎಂದು ಹೇಳಿ ಹೊದ್ದು ಮಲಗಿಬಿಟ್ಟರು. ಆಮೇಲೆ ಯಾರೂ ಕೇಳಲಿಲ್ಲ. ದೋಣಿಯಿಂದ ಸೊಂಟಮಟ್ಟದ ನೀರಿಗೆ ಹಾರಿ ದಡಕ್ಕೆ ನುಗ್ಗುವುದರಲ್ಲಿ ಪ್ಯೋರನ್ನು ಮೀರಿಸುವವರಿರಲಿಲ್ಲ. ನೀರಿನಿಂದ ಹೊರಗೆ ಬರುವ ಆತುರ ಅವರಷ್ಟು ಇನ್ಯಾರಿಗೂ ಇರಲಿಲ್ಲವಲ್ಲ. ಆ ಆತುರಕ್ಕೇ ಪದಕದ ಮೇಲೆ ಪದಕ ಬಂದವು. ನೆಟ್ಟಗೆ ನಿಂತರೆ ಎಡಕ್ಕೆ ವಾಲುವಷ್ಟು ಬಂದವು.

ಈಗ ನಿವೃತ್ತಿ ಹತ್ತಿರ ಬಂದಿತ್ತು. ಪಡೆಯಲ್ಲಿ ಹಿರಿಯ ಅಧಿಕಾರಿಯನ್ನು ಹೂಮಾಲೆ ಹಾಕಿ ಕಳಿಸುವುದಿಲ್ಲ. ಆ ವರ್ಷ ಸೇರಿದ ಹೊಸ ಸಿಪಾಯಿಗಳು ಅವನನ್ನು ಹೊತ್ತೊಯ್ದು, ಉಬ್ಬರ ಏರುವ ಹೊತ್ತಿಗೆ, ಬಂದರಿನ ಕಟ್ಟೆಯ ತುದಿಯಿಂದ ಸಮವಸ್ತ್ರ ಸಮೇತ ಕಡಲಿಗೆ ಎಸೆಯುತ್ತಾರೆ. ಅವನು ತಾನಾಗಿ ದಡಕ್ಕೆ ಬರಬೇಕು. ಅವನ ಪಾದ ಮರಳು ಮುಟ್ಟುವವರೆಗೆ ಸಮವಸ್ತ್ರದವರು ಯಾರೂ ಅವನನ್ನು ಮುಟ್ಟಕೂಡದು, ಹಣೆಗಿಟ್ಟ ಕೈ ಇಳಿಸಕೂಡದು. ಮರಳು ಮುಟ್ಟಿದ ಮೇಲೆ ಅವನು ಊರಿನ ಮುದುಕರಲ್ಲಿ ಒಬ್ಬ, ಅಷ್ಟೆ. ಹಿಂದಿನವರೊಬ್ಬರು ಮುರಿದ ಕಾಲಿನಲ್ಲಿ, ಬಾಯಲ್ಲಿದ್ದ ಸಿಗರೇಟು ಆರದ ಹಾಗೆ ಈಜಿ ಬಂದಿದ್ದರು.

ಮುಂದಿನ ಜನರಲ್ ಆಗಲಿದ್ದ ಮಾ ಗ್ಯೂಹಾನ್, ಸೊಂಟನೋವಿನ ಸುದ್ದಿ ಕೇಳಿ, ಬೇಕಾದರೆ ಎಸೆಯುವುದನ್ನು ಕೈಬಿಡೋಣ ಎಂದಿದ್ದ. ಪ್ಯೋ ಒಪ್ಪಲಿಲ್ಲ. ತಾನು ನೀರಿಗಿಳಿಸಿದ ಹುಡುಗರ ಮುಂದೆ ನೀರಿಗೆ ಹೆದರಿ ಮನೆಗೆ ಹೋಗುವುದು ಅವರಿಂದಾಗದು.

"ಮುಳುಗಿದ್ರೂ ಚಿಂತೆಯಿಲ್ಲ ಕಣೇ," ಎಂದು ತೊಟ್ಟಿಯಲ್ಲಿ ಹೆಂಡತಿಗೆ ಹೇಳಿದರು. "ಕಾಪಾಡಿ ಅಂತ ಬಾಯಿಂದ ಬಂದುಬಿಟ್ರೆ ಅನ್ನೋದೇ ಭಯ."

ಬುನ್‌ಹ್ವಾ ಕಡಲಡಿಯಿಂದ ಚಿಪ್ಪು ಕಿತ್ತು ತರುವ ಹೆಂಗಸರ ಮನೆತನದವಳು. ಅವಳ ಅಮ್ಮ ಮುಳುಗಿ ಮೇಲೆ ಬರುವಷ್ಟರಲ್ಲಿ ಒಲೆಯ ಮೇಲಿನ ಅನ್ನ ಬೆಂದು ಸೀದಿರುತ್ತಿತ್ತು. ಹಿಂದಿನ ವಾರ ಗಂಡ ನಿಜ ಹೇಳಿದಾಗ ಅವಳು ಊಟದ ಕಡ್ಡಿ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದಳು. ಆಮೇಲೆ ಆ ರಾತ್ರಿಯೆಲ್ಲ ಒಂದು ಪ್ರಶ್ನೆ ಅವಳನ್ನು ಕೊರೆದಿತ್ತು. ಈಗ ಕೇಳಿದಳು.

"ಅಷ್ಟು ಹುಡುಗರನ್ನ ಹಾರಿ ಅಂತ ನೀರಿಗೆ ಕಳಿಸಿದ್ರಲ್ಲ. ಏನೂ ಅನ್ನಿಸ್ತಿರಲಿಲ್ವಾ?"

"ತಲೆ ಎಣಿಸ್ತಾ ನಿಂತಿರ್ತಿದ್ದೆ. ಕೊನೇ ತಲೆ ಮೇಲೆ ಬರೋತನಕ ಉಸಿರು ಬಿಡ್ತಿರಲಿಲ್ಲ."

ಬುನ್‌ಹ್ವಾ ಅವರ ಬೆರಳುಗಳನ್ನು ಒಂದೊಂದಾಗಿ ಅಂಚಿನಿಂದ ಬಿಡಿಸಿದಳು. "ಅಷ್ಟೊತ್ತು ಉಸಿರು ಹಿಡೀತೀರಾ ಅಂದ್ರೆ ಅರ್ಧ ಈಜು ಬಂತು ಬಿಡಿ. ಇನ್ನರ್ಧ ಕಲಿಯೋಕೆ ನಿಮಗೆ ಇನ್ನೊಂದು ಜನ್ಮ ಬೇಕು. ಸುಮ್ನೆ ಅಂಗಾತ ಮಲಗೋದು ಕಲೀರಿ. ಉಬ್ಬರಾನೇ ದಡಕ್ಕೆ ತರುತ್ತೆ."

"ಜನರಲ್ ಆಗಿ ಸುಮ್ನೆ ಮಲಗೋದೇ?"

"ಮನೇಲಿ ಮಾಡೋದು ಅದನ್ನೇ ಅಲ್ವಾ."

ಆ ಮಧ್ಯಾಹ್ನ ಪ್ಯೋ ಅರ್ಧ ತೊಟ್ಟಿ ಕುಡಿದರು. ಉಳಿದರ್ಧದ ಮೇಲೆ ಕೊನೆಗೂ ತೇಲಿದರು.

ಬೀಳ್ಕೊಡುಗೆಯ ದಿನ ದೇಶಕ್ಕೆ ದೇಶವೇ ದಡದಲ್ಲಿತ್ತು. ದ್ವೀಪ ಒಂದು ಕಡೆ ವಾಲದಿದ್ದುದೇ ಹೆಚ್ಚು. ವಾದ್ಯದವರು ನುಡಿಸತೊಡಗಿದರು. ಗಲ್ಲ ಇನ್ನೂ ನುಣ್ಣಗಿದ್ದ ನಾಲ್ವರು ಸಿಪಾಯಿಗಳು ಜನರಲ್ಲರನ್ನು ತೂಗಿ ಎಸೆದರು. ಸಾವಿರಾರು ಕೈಗಳು ಹಣೆಗೇರಿದವು. ನೀರು ಮುಚ್ಚಿಕೊಂಡಿತು.

ತುಂಬ ಹೊತ್ತು ಮುಚ್ಚಿಕೊಂಡೇ ಇತ್ತು.

ಆಮೇಲೆ ಮೊದಲು ಪದಕಗಳು ಮೇಲೆ ಬಂದವು, ಅವುಗಳ ಹಿಂದೆ ಜನರಲ್. ಅಂಗಾತ ಮಲಗಿದ್ದರು. ಕೈ ಬೀಸಲಿಲ್ಲ, ಕಾಲು ಬಡಿಯಲಿಲ್ಲ. ವಾದ್ಯದವರು ಹಾಡು ಮುಗಿಸಿ ಮತ್ತೆ ಮೊದಲಿನಿಂದ ಶುರುಮಾಡಿದರು. ಇದೇನೆಂದು ಜನ ಗುಸುಗುಟ್ಟಿದರು. ಕೊನೆಗೆ ಕಾರಣ ಕಂಡುಕೊಂಡವನು ಡೋಲಿನವನು.

"ಬಿಟ್ಟು ಬರೋಕೆ ಮನಸ್ಸಿಲ್ಲ, ಪಾಪ," ಎಂದ.

ಮಾತು ದಡದುದ್ದಕ್ಕೂ ಹಬ್ಬಿತು. ಬಂದೂಕಿನ ಗುಂಡಿಗೂ ಅಳದ ಮುದಿ ಮೆರೀನರು ಗಳಗಳನೆ ಅತ್ತರು. ಉಬ್ಬರ ಅಂದು ಒಂದು ಗೇಣು ಹೆಚ್ಚು ಏರಿದ್ದು ಅವರಿಂದಲೇ. ಮಾ ಗ್ಯೂಹಾನ್ ಕಣ್ಣೊರೆಸಿಕೊಳ್ಳಲೂ ಹಣೆಯಿಂದ ಕೈ ಇಳಿಸಲಿಲ್ಲ. ಒಂದು ಅಲೆ ಪ್ಯೋರ ಮುಖದ ಮೇಲೆ ಹಾಯಿತು. ಅವರು ಕೆಮ್ಮಿದರು. ಬಾಯಿ ತೆರೆಯಿತು, ಮುಚ್ಚಿತು. ಎಸೆದ ನಾಲ್ವರಲ್ಲಿ ಒಬ್ಬ ತಡೆಯಲಾರದೆ ಒಂದು ಕಾಲು ಮುಂದಿಟ್ಟ. ಮಾ ಕಣ್ಣಲ್ಲೇ ಅವನನ್ನು ಹಿಂದಕ್ಕೆ ನಿಲ್ಲಿಸಿದ.

ಬುನ್‌ಹ್ವಾಳ ಮೈಮೇಲೆ ಸಮವಸ್ತ್ರ ಇರಲಿಲ್ಲ. ಹೊಸ ರೇಷ್ಮೆ ಲಂಗವಿತ್ತು. ಅವಳು ಪಾದರಕ್ಷೆ ಬಿಟ್ಟು, ಯಾರ ಮುಖವನ್ನೂ ನೋಡದೆ, ನೀರಿಗಿಳಿದು ನಿಂತಳು.

ಕಡಲು ಅವರನ್ನು ನಿಧಾನವಾಗಿ, ತಲೆ ಮುಂದಾಗಿ, ಅವಳ ಬಳಿಗೆ ತಂದಿತು. ಅಲ್ಲಿ ನೀರು ಅವಳ ಮೊಣಕಾಲಿಗಷ್ಟೇ ಇತ್ತು. ಪ್ಯೋರಿಗೆ ಅದು ತಿಳಿದಿರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಉಸಿರು ತುಂಬಿಕೊಂಡು, ನಡುಗಡಲಿನಲ್ಲಿರುವವರಂತೆ ತೇಲುತ್ತಲೇ ಇದ್ದರು. ಕಾಲು ಊರಿ ಎಂದು ಹೇಳಲು ಬುನ್‌ಹ್ವಾ ಬಗ್ಗಿದಳು. ಹೇಳಲಿಲ್ಲ. ಹಿಂದೆ, ಅವರ ಪಾದ ಮರಳು ಮುಟ್ಟುವವರೆಗೆ ಇಳಿಯದ ಸಾವಿರಾರು ಕೈಗಳು ಹಣೆಯ ಮೇಲೇ ಇದ್ದವು. ನೀರಿನ ಮೇಲೆ ಹರಡಿಕೊಂಡ ರೇಷ್ಮೆಯ ಅಂಚು ಅವರ ಕಿವಿಗೆ ತಾಗುತ್ತಿತ್ತು, ಸರಿಯುತ್ತಿತ್ತು, ಮತ್ತೆ ತಾಗುತ್ತಿತ್ತು.