ನಾಲ್ಕು ಕಿಲೋ ಮೀರಿದ ಬೆಕ್ಕು ಬೇಕು

ಆಂಧ್ರದ ಆದೋನಿಯ ಜಿನ್ನಿಂಗ್ ಮಿಲ್ಲೊಂದರಲ್ಲಿ ಹತ್ತಿಯ ಕಸ ಆರಿಸುವ ಲಿಂಗಕ್ಕನಿಗೆ, ಆಸ್ಪರಿ ಕಡೆಯಿಂದ ಬಂದ ರಾಶಿಯೊಳಗೆ ಒಂದು ಬೆಕ್ಕಿನ ಮರಿ ಸಿಕ್ಕಿತು. ಅಂಗೈಯಷ್ಟು ದೇಹ, ಹತ್ತಿಯಷ್ಟೇ ಬಿಳುಪು, ಮೈತುಂಬ ಚಿಗಟ. ಮಾಲೀಕರಾದ ಕೊಟ್ರಬಸಪ್ಪನವರು ನೋಡಿ, "ಮಷಿನ್ನಿಗೆ ಸಿಕ್ಕೀತು, ಹೊರಗ ಬಿಡು" ಎಂದು ಗದರಿದರು. ಲಿಂಗಕ್ಕ ಮರಿಯನ್ನು ಮನೆಗೆ ಒಯ್ದು, ಬೀಜ ಬಿಡಿಸಿದ ಹತ್ತಿಯ ಹೆಸರನ್ನೇ ಹಿಡಿದು ಅರಳಿ ಎಂದು ಕರೆದಳು.

ಆರನೇ ದಿನ ಬೆಳಿಗ್ಗೆ ಅರಳಿ ಏಳಲೇ ಇಲ್ಲ. ಅದನ್ನು ಮಡಿಲಲ್ಲಿ ಹಾಕಿಕೊಂಡು ಲಿಂಗಕ್ಕ ಪಶುವೈದ್ಯೆ ಭುವನಾಳ ಕ್ಲಿನಿಕ್ಕಿಗೆ ಓಡಿದಳು. ಭುವನಾ ಮರಿಯ ತುಟಿ ಎತ್ತಿ ನೋಡಿದಳು. ವಸಡು ಸುಣ್ಣದ ಹಾಗಿತ್ತು.

"ಚಿಗಟ ಇದರ ರಕ್ತ ಎಲ್ಲಾ ಹೀರ್‍ಯಾವ ಲಿಂಗಕ್ಕ. ಔಷಧಿ ಹತ್ತಾಕ ದಿನ ಬೇಕು, ಅಷ್ಟು ಟೈಮ್ ಇಲ್ಲ. ಇವತ್ತೇ ರಕ್ತ ಹಾಕಬೇಕು."

"ನಂದು ತಗೋರಿ ಮೇಡಂ!" ಲಿಂಗಕ್ಕ ತೋಳು ಚಾಚಿಯೇ ಬಿಟ್ಟಳು.

"ನಿಂದು ಬರಂಗಿಲ್ಲ. ಬೆಕ್ಕಿಂದೇ ಬೇಕು. ನಾಲ್ಕು ಕಿಲೋ ಮೀರಿದ್ದು, ಗಟ್ಟಿಮುಟ್ಟಾಗಿದ್ದದ್ದು."

ಲಿಂಗಕ್ಕ ಬೀದಿಗೆ ಬಂದಾಗ ಎದುರಿಗೆ ಸಿಕ್ಕವನು ಸೂರಿ. ಆಟೋಗೆ ಮೈಕ್ ಕಟ್ಟಿಕೊಂಡು ಸೀರೆ ಅಂಗಡಿಯ ಪ್ರಚಾರ ಮಾಡುತ್ತಿದ್ದವನು ಅವಳ ಮಾತು ಕೇಳಿ ಸೀರೆಗಳನ್ನು ಅಲ್ಲಿಗೇ ಬಿಟ್ಟ. "ಪಿಲ್ಲಿ ಪಿಲ್ಲಕಿ ಅರ್ಜೆಂಟ್‌ಗಾ ರಕ್ತಂ ಕಾವಾಲಿ!" ಎಂದು ತೆಲುಗಿನಲ್ಲಿ ಕೂಗಿ, ಭುವನಾಳ ಕ್ಲಿನಿಕ್ಕಿನ ದಾರಿ ಹೇಳುತ್ತ ಹೊರಟ. ಬೆಕ್ಕಿನ ಮರಿಗೆ ರಕ್ತ ಬೇಕು ಎಂಬುದೇ ಅವನ ಮಾತು. ಆದರೆ ಆ ಹಳೇ ಮೈಕು ಪ್ರತಿ ಸಲವೂ 'ಪಿಲ್ಲಿ' ಎನ್ನುವಾಗ ಕೀಂಯ್ ಎಂದು ಕಿರುಚಿ ಬೆಕ್ಕನ್ನು ನುಂಗಿಹಾಕಿತು. ಊರಿಗೆ ಕೇಳಿಸಿದ್ದು 'ಪಿಲ್ಲಕಿ ರಕ್ತಂ'. ತೆಲುಗಿನಲ್ಲಿ ಬರೀ 'ಪಿಲ್ಲ' ಎಂದರೆ ಹುಡುಗಿ. ಹೆಣ್ಣುಮಗು ಯಾವುದೋ ಸಾವಿನ ದವಡೆಯಲ್ಲಿದೆ ಎಂದು ಜನ ತಿಳಿದರು.

ಅರ್ಧ ಗಂಟೆಯಲ್ಲಿ ಕ್ಲಿನಿಕ್ಕಿನ ಮುಂದೆ ಇಪ್ಪತ್ತು ಮಂದಿಯ ಸಾಲು. ಎಲ್ಲರ ಅಂಗಿಯ ತೋಳೂ ಮೇಲಕ್ಕೆ ಮಡಚಿತ್ತು. ಎಲ್ಲರಿಗಿಂತ ಮುಂದೆ ಕೊಟ್ರಬಸಪ್ಪ.

"ಎಲ್ಲೈತಿ ಕೂಸು? ನಂದು ಓ ಪಾಸಿಟಿವ್. ಸೋಮವಾರದ ಉಪವಾಸ ಐತಿ, ನಡೀತದೇನ್ರಿ ಡಾಕ್ಟ್ರೇ?"

ಲಿಂಗಕ್ಕ ಸೆರಗು ಸರಿಸಿದಳು. ಬಿಳಿ ಬಾಲವೊಂದು ಇಣುಕಿತು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಾಲು ಗೋಡೆ ಹಿಡಿದು ನಗತೊಡಗಿತು. ಕೊಟ್ರಬಸಪ್ಪ ಮಾತ್ರ ನಗಲಿಲ್ಲ.

"ಹೊರಗ ಬಿಡು ಅಂದಿದ್ದೆ."

"ಬಿಟ್ಟೀನ್ರಿ ಸಾವ್ಕಾರ್ರ. ಮಿಲ್ಲಿನ ಹೊರಗ, ನಮ್ಮ ಮನಿ ಒಳಗ."

ನಾಲ್ಕು ಕಿಲೋ ಮೀರಿದ ಬೆಕ್ಕಿನ ರಕ್ತವೇ ಆಗಬೇಕು ಎಂದು ಭುವನಾ ಎಲ್ಲರಿಗೂ ಹೇಳಿದಳು. ಕೊಟ್ರಬಸಪ್ಪ ಮರಿಯನ್ನು ಬಗ್ಗಿ ನೋಡಿದರು. ಅದರ ಪಕ್ಕೆ ಏರಿಳಿಯುವುದು ಕಾಣುತ್ತಿತ್ತು, ಅಷ್ಟೆ. ಅಂಗಿಯ ತೋಳು ಇಳಿಸಿಕೊಂಡು ಹೊರಟುಹೋದರು.

ಉಳಿದವರು ತಮ್ಮ ತಮ್ಮ ಓಣಿಗೆ ಓಡಿ ಬೆಕ್ಕು ಹಿಡಿದು ತಂದರು. ದಿಂಬಿನ ಚೀಲದಲ್ಲಿ ಒಂದು, ಇಡ್ಲಿ ಪಾತ್ರೆಯಲ್ಲಿ ಒಂದು, ಹೆಲ್ಮೆಟ್ಟಿನಲ್ಲಿ ಒಂದು. ಒಂದು ಗಬ್ಬದ ಬೆಕ್ಕು, ಇನ್ನೊಂದು ಬರೀ ಎರಡೂವರೆ ಕಿಲೋ. ಹೆಲ್ಮೆಟ್ಟಿನದು ಔಷಧಿ ಬೀರುವಿನ ಮೇಲೆ ಹಾರಿ ಕುಳಿತು ಎಲ್ಲರನ್ನೂ ಬೈಯಿತು. ಯಾವುದೂ ಆಗಿಬರಲಿಲ್ಲ. ಲಿಂಗಕ್ಕನಿಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಅಷ್ಟರಲ್ಲಿ ಕಾರು ನಿಂತಿತು. ಕೊಟ್ರಬಸಪ್ಪ ಇಳಿದರು. ಹಿಂದೆ ಅವರ ಹೆಂಡತಿ ಅಕ್ಕನಾಗಮ್ಮ, ಆಕೆಯ ಎರಡೂ ತೋಳು ತುಂಬ ಒಂದು ಕಂದು ಗಂಡುಬೆಕ್ಕು.

"ಆರು ಕಿಲೋ ಇನ್ನೂರು ಗ್ರಾಂ!" ಕೊಟ್ರಬಸಪ್ಪ ಬಾಗಿಲಿನಿಂದಲೇ ಕೂಗಿದರು. "ಮಿಲ್ಲಿನ ಕಾಟಾದಾಗ ತೂಗೀನಿ."

"ನಮ್ಮ ಗುಂಡ ಹಾಲು ಬೆಣ್ಣಿ ಬಿಟ್ಟು ಬ್ಯಾರೆ ಏನೂ ಮುಟ್ಟಂಗಿಲ್ಲ, ಡಾಕ್ಟ್ರೇ" ಎಂದರು ಅಕ್ಕನಾಗಮ್ಮ, ಹೆಮ್ಮೆಯಿಂದ.

ಲಿಂಗಕ್ಕ ತುಟಿ ಕಚ್ಚಿದಳು. ಗುಂಡ ದಿನಾ ಮಧ್ಯಾಹ್ನ ಮಿಲ್ಲಿಗೆ ಬಂದು ಅವಳ ಡಬ್ಬಿಯಿಂದ ನಾಗಲದಿನ್ನೆಯ ಹೊಳೆಮೀನು ತಿಂದು ಹೋಗುತ್ತಿದ್ದ. ಭುವನಾಳ ಕಿವಿಯಲ್ಲಿ ಅದನ್ನು ಉಸುರಿದಳು. ಭುವನಾ ಗಂಭೀರವಾಗಿ ತಲೆಯಾಡಿಸಿ, ಚೀಟಿಯಲ್ಲಿ 'ಆಹಾರ: ಉತ್ತಮ' ಎಂದು ಬರೆದಳು.

ಗಾಜಿನ ಮೇಲೆ ಎರಡರ ರಕ್ತವನ್ನೂ ಬೆರೆಸಿ ನೋಡಿದ್ದಾಯಿತು. ಹೊಂದಿಕೊಂಡಿತು. ಗುಂಡನಿಗೆ ಮತ್ತಿನ ಇಂಜೆಕ್ಷನ್ ಕೊಟ್ಟು, ಕುತ್ತಿಗೆಯ ಒಂದು ಕಡೆ ಬೋಳಿಸಿ ರಕ್ತ ತೆಗೆದರು. ಅಕ್ಕನಾಗಮ್ಮ ಅತ್ತ ತಿರುಗಿ ನಿಂತರು. ಪುಟ್ಟ ಸಿರಿಂಜಿನಿಂದ ಹನಿಹನಿಯಾಗಿ ರಕ್ತ ಅರಳಿಯ ಮೈಗೆ ಇಳಿಯತೊಡಗಿತು. ಇಪ್ಪತ್ತು ಮಂದಿ ಕಿಟಕಿಗೆ ಮುಖ ಒತ್ತಿ ನಿಂತಿದ್ದರು. ಮೂರು ಗಂಟೆ ಹೊತ್ತು ಯಾರೂ ಕದಲಲಿಲ್ಲ.

ಸಂಜೆ ಐದಕ್ಕೆ ಅರಳಿ ಸೀನಿತು. ಭುವನಾ ತುಟಿ ಎತ್ತಿದಳು. ವಸಡು ನಸುಗೆಂಪಾಗಿತ್ತು.

"ಹತ್ತಿಕೊಂಡೈತಿ!"

ಕಿಟಕಿಯಾಚೆ ಸಿಳ್ಳೆಯೋ ಸಿಳ್ಳೆ. ಕೊಟ್ರಬಸಪ್ಪ ಪಕ್ಕದಲ್ಲಿದ್ದ ಅಪರಿಚಿತನನ್ನು ತಬ್ಬಿಕೊಂಡರು. ಅಕ್ಕನಾಗಮ್ಮ ಲಿಂಗಕ್ಕನ ಕೈ ಹಿಡಿದು, "ರಕ್ತ ಸಂಬಂಧ ಆತವಾ, ಇನ್ನ ನೀನು ಮನಿಗೆ ಬರಬೇಕು" ಎಂದರು. ಮತ್ತಿಳಿದ ಗುಂಡ ಯಾರ ಮುಖವನ್ನೂ ನೋಡದೆ ಮೈ ನೆಕ್ಕಿಕೊಳ್ಳುತ್ತಿದ್ದ.

ನಾಲ್ಕನೇ ದಿನ ಅರಳಿ ಭುವನಾಳ ಬೆರಳನ್ನು ರಕ್ತ ಬರುವಂತೆ ಕಚ್ಚಿತು. "ಕರ್ಕೊಂಡು ಹೋಗು ತಾಯಿ, ಇದಕ್ಕೆ ಪೂರಾ ಗುಣ ಆಗೇತಿ" ಎಂದು ಅವಳು ಕೈ ಝಾಡಿಸಿದಳು. ಲಿಂಗಕ್ಕ ಮರಿಯನ್ನು ಎದೆಗವಚಿಕೊಂಡು ಶೇರ್ ಆಟೋ ಹತ್ತಿದಳು. ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದಳು. ಎದುರಿಗೆ ಕುಳಿತವರು ಏನೆಂದು ತಿಳಿಯದೆ ನೋಡಿ ನೋಡಿ, ಕೊನೆಗೆ ತಾವೂ ನಗತೊಡಗಿದರು.