ದೊರೆಸಾನಿಗೊಂದು ಆಸರೆ

ಒದ್ದೆ ಬಟ್ಟೆಯ ಒಂದೇ ಎಳೆತಕ್ಕೆ ಧೂಳೆಲ್ಲ ಹೋಗಿ ಎಲೆ ಹಸಿರು ಕನ್ನಡಿ, ಅದರೊಳಗೆ ನನ್ನ ಮೂಗು, ಕೋಪ ಮೂಗಿನ ತುದಿಯಲ್ಲೇ ಇರುತ್ತದಂತೆ, ಎಲ್ಲಿ, ಕಾಣುತ್ತಿಲ್ಲ, ಅಷ್ಟು ಸಣ್ಣ ಮೂಗಿನಲ್ಲಿ ಹಿಡಿಸುವ ಕೋಪವಲ್ಲ ಇದು — ಏನು ಕೊಬ್ಬಿದ್ದೀಯೇ ದೊರೆಸಾನಿ, ಇವರು ಇಟ್ಟ ಹೆಸರು ಅದು, ನನ್ನ ಗಂಡ, ಕಚೇರಿ ಕಚೇರಿ ತಿರುಗಿ ಗಿಡ ನೋಡಿಕೊಳ್ಳುವವರು, ಕಟ್ಟಿಕೊಂಡವಳನ್ನು ಒಂದು ದಿನ ದೊರೆಸಾನಿ ಎಂದವರಲ್ಲ, ಈ ರಿಸೆಪ್ಷನ್ನಿನ ಬಳ್ಳಿಯನ್ನು ಅಂದರು, ಮೊರದಗಲದ ಎಲೆ, ಎಲೆ ತುಂಬ ಯಾರೋ ಕತ್ತರಿ ಆಡಿಸಿದ ಹಾಗೆ ಸೀಳು — ನೆಲಕ್ಕೆ ಹರಿಯೋಕೆ ಬಿಟ್ರೆ ಎಲೆ ಸಣ್ಣದಾಗುತ್ತೆ ಕಣೇ, ಹತ್ತಿಸಬೇಕು, ಹತ್ತಿದಷ್ಟೂ ಅಗಲ, ಅನ್ನುತ್ತಿದ್ದರು — ಹತ್ತಿಸಿ, ಯಾರು ಬೇಡ ಅಂದರು, ಅದಕ್ಕೆ ತೆಂಗಿನ ನಾರು ಸುತ್ತಿದ ಕಂಬವಿದೆ, ನಿಮಗೇನಿತ್ತು? ಕುರ್ಚಿ. ಕಾಲಿಗೆ ಚಕ್ರವಿರುವ ಕುರ್ಚಿ. ಏಣಿ ಕೊಡಿ ಸಾರ್ ಅಂತ ಕೇಳಿದ್ದರು, ಏಣಿ ಬಣ್ಣದವರ ಹತ್ರ ಇದೆ, ಮೇಲಿನ ಮಹಡೀಲಿ, ಇದರ ಮೇಲೇ ನಿಂತ್ಕೊಂಡು ಮುಗಿಸಿಬಿಡಪ್ಪ — ಇದು ಮ್ಯಾನೇಜರ್, ತಾನೇ ತಳ್ಳಿಕೊಂಡು ಬಂದು ನಿಲ್ಲಿಸಿದ್ದ, ಇವರು ಹತ್ತಿದರು, ಹತ್ತುವವರೇ, ಆಗಲ್ಲ ಎಂಬ ಮಾತು ಇವರ ಬಾಯಲ್ಲಿ ಹುಟ್ಟಿದ್ದೇ ಇಲ್ಲ, ಕೈ ಮೇಲೆತ್ತಿ ಬಳ್ಳಿಯ ತುದಿಯನ್ನು ಕಂಬಕ್ಕೆ ಕಟ್ಟುತ್ತಿದ್ದಾಗ ಚಕ್ರ ಉರುಳಿತು, ಮಾರ್ಬಲ್ ನೆಲ, ಸೊಂಟ. ಬಳ್ಳಿಗೇನೂ ಆಗಲಿಲ್ಲ. ಪಕ್ಕದಲ್ಲೇ ಇತ್ತಲ್ಲ, ಅದನ್ನಾದರೂ ಹಿಡಿಯಬಾರದಿತ್ತೇ ಅಂದರೆ, ಹಿಡಿದಿದ್ರೆ ಕಿತ್ತು ಬರ್ತಿತ್ತಲ್ವಾ ಅಂತಾರೆ, ಇಂಥವರನ್ನು ಏನು ಮಾಡುವುದು — ಮ್ಯಾನೇಜರ್ ಫೋನಿನಲ್ಲಿ ನನಗೆ ಹೇಳಿದ ಮೊದಲ ಮಾತು, ಯಾರಮ್ಮ ಅವರಿಗೆ ಕುರ್ಚಿ ಹತ್ತು ಅಂದೋರು? ಈಗ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ, ಮಗ್ಗುಲಾಗಬೇಕಾದರೂ ನನ್ನ ಕೊರಳಿಗೆ ಕೈ ಹಾಕಬೇಕು, ಇಸ್ತ್ರಿ ಅಂಗಡಿಯ ಕೆಲಸ ಬಿಟ್ಟು ನಾನು ಇವರ ಗಿಡಗಳ ಹಿಂದೆ ತಿರುಗುತ್ತಿದ್ದೇನೆ, ಬಿಟ್ಟರೆ ಕಚೇರಿಗಳೆಲ್ಲ ಬೇರೆಯವರ ಪಾಲು, ಇವತ್ತು ಹೊರಡುವಾಗ ಕೇಳುತ್ತಾರೆ, ಲೇ, ದೊರೆಸಾನಿ ಹೊಸ ಎಲೆ ಬಿಟ್ಳಾ? ಎಲೆ ತೊಟ್ಟಿಗೆ ಕಟ್ಟಬೇಡ, ಕಾಂಡಕ್ಕೆ ಕಟ್ಟು, ಒಂದು ಬೆರಳು ಆಡೋ ಹಾಗೆ ಸಡಿಲ ಬಿಡು — ನಿಮ್ಮ ಸೊಂಟ ಮುರಿದವಳ ಯೋಗಕ್ಷೇಮ ನಾನು ವಿಚಾರಿಸಬೇಕಾ, ಅಂದೆ, ನೀರಿನ ಲೋಟ ಕುಕ್ಕಿದೆ, ನಕ್ಕರು, ನಕ್ಕರೆ ನೋಯುತ್ತದೆ, ನೋಯಿಸಿಕೊಂಡೇ ನಕ್ಕರು, ಆ ನಗು ಕಂಡು ಇನ್ನೂ ಉರಿಯಿತು, ಯಾರಿಗಾದರೂ ಒಂದು ಮಾತು ಬೈಯಬಾರದಾ, ಇಬ್ಬರ ಸಿಟ್ಟನ್ನೂ ನಾನೊಬ್ಬಳೇ ಹೊರಬೇಕಾ —

ಕಂಬಕ್ಕೆ ನೀರು ಚಿಮುಕಿಸು, ನಾರು ಒದ್ದೆಯಿದ್ದರೇ ಬೇರು ಕಚ್ಚುವುದು, ಕಾಂಡದ ಕೆಳಗಿನ ಗಂಟುಗಳೆಲ್ಲ ಆಗಲೇ ಬೇರು ಬಿಟ್ಟು ನಾರಿನೊಳಗೆ ತೂರಿವೆ, ಪುಣ್ಯವಂತೆ, ಬೀಳುವ ಭಯವಿಲ್ಲ, ಮೇಲೆ ಮಾತ್ರ, ನನ್ನ ಕೈಗೆಟುಕದಲ್ಲಿ, ತುದಿ ಕಂಬ ಬಿಟ್ಟು ಜೋತುಬಿದ್ದಿದೆ, ಪಕ್ಕದಲ್ಲಿ ನನ್ನ ಹಳೆಯ ನೈಟಿಯ ಚಿಂದಿ, ಬಟ್ಟೆ ಮೆತ್ತಗಿದ್ದರೆ ಕಾಂಡ ಕೊಯ್ಯುವುದಿಲ್ಲವೆಂದು ಇವರು ಹರಿದು ತಂದದ್ದು, ಅರ್ಧ ಸುತ್ತಿದ ಗಂಟು, ಹಾಗೇ ಇದೆ, ಯಾರೂ ಮುಟ್ಟಿಲ್ಲ. ಏನಮ್ಮ, ಆಯ್ತಾ, ಮಧ್ಯಾಹ್ನ ದೊಡ್ಡವರು ಬರ್ತಾರೆ, ತುದಿ ಹೀಗೆ ಜೋತಾಡ್ತಿದ್ರೆ ಚೆನ್ನಾಗಿರಲ್ಲ — ಮ್ಯಾನೇಜರ್. ನಿನ್ನ ಗಂಡ ಹೇಗಿದ್ದಾನೆ ಎಂದು ಇವತ್ತಾದರೂ ಕೇಳುತ್ತಾನೇನೋ ಎಂದು ಕಾದೆ, ಎಲೆ ಹುಷಾರಮ್ಮ, ಅಂದ. ಏಣಿ ಬೇಕು ಸಾರ್. ಏಣಿ ಬಣ್ಣದವರ ಹತ್ರ. ಇನ್ನೂ ಬಣ್ಣವೇ, ಯಾವ ಅರಮನೆಗೆ ಬಳಿಯುತ್ತಿದ್ದಾರೆ — ಕರಕರ ಸದ್ದು, ನೋಡುವುದಿಲ್ಲ, ನೋಡುವುದಿಲ್ಲ, ನೋಡಿದೆ, ತಳ್ಳಿಕೊಂಡು ಬರುತ್ತಿದ್ದಾನೆ, ಅದೇ ಕಪ್ಪು ಕುರ್ಚಿ, ಹತ್ತಮ್ಮ, ನಾನು ಹಿಡ್ಕೋತೀನಿ, ಏನೂ ಆಗಲ್ಲ. ನಾಲಿಗೆಯ ಮೇಲೆ ಬೈಗುಳ ಸಾಲುಗಟ್ಟಿ ನಿಂತಿತು, ನಿನ್ನ ಮನೆ ಹಾಳಾಗ ಎಂಬಲ್ಲಿಂದ ಹಿಡಿದು — ಹೊರಬಿದ್ದದ್ದು ಬೇರೆಯೇ, ಮೆಲ್ಲಗೆ, ನನ್ನ ದನಿಯೇ ಅಲ್ಲದ ಹಾಗೆ, ನೀವು ಹತ್ತಿ ಸಾರ್, ನಾನು ಹಿಡ್ಕೋತೀನಿ. ಏನಂದೆ? ಹತ್ತಿ ಸಾರ್, ಏನೂ ಆಗಲ್ಲ. ಫೋನೆತ್ತುವ ಹುಡುಗಿ ಫೋನೆತ್ತಲಿಲ್ಲ, ಕಾವಲಿನವನು ಬಾಗಿಲು ಮರೆತ, ಎಲ್ಲರ ಕಣ್ಣೂ ಅವನ ಮೇಲೆ, ನಕ್ಕ, ಯಾರೂ ಜೊತೆಗೆ ನಗಲಿಲ್ಲ, ಹತ್ತದಿದ್ದರೆ ಮಾನ ಹೋಗುತ್ತದೆ, ಹತ್ತಿದರೆ — ಒಂದು ಬೂಟುಗಾಲು ಇಟ್ಟ, ಕುರ್ಚಿ ತುಸು ಸರಿಯಿತು, ಹಿಡಿದೇ ಇದ್ದೆ, ಗಟ್ಟಿಯಾಗಿಯೇ, ಬೀಳಿಸುವುದಕ್ಕೆ ನಾನೇನು ಅವನಾ, ಇನ್ನೊಂದು ಕಾಲು, ಕುರ್ಚಿ ಸುತ್ತಿತು, ಗೇಣು ಸುತ್ತಿರಬಹುದು, ಅಮ್ಮಾ ಎಂದ, ನನ್ನನ್ನು ಕರೆದದ್ದೋ ಹೆತ್ತವಳನ್ನೋ, ಬಾಗಿ ಎರಡೂ ಕೈಯಿಂದ ನನ್ನ ಭುಜ ಕಚ್ಚಿ ಹಿಡಿದ, ಏಣಿ, ಏಣಿ ತನ್ರೋ ಯಾರಾದ್ರೂ — ತಂದರು, ಮೆಟ್ಟಿಲ ಮೇಲೆ ದಡದಡ, ತಂದೇಬಿಟ್ಟರು, ಇಷ್ಟೇನಾ, ಒಂದು ಕೂಗು, ಇಷ್ಟೇನಾ, ಇಳಿದಿದ್ದಾನೆ, ಎರಡೂ ಕಾಲು ನೆಲದ ಮೇಲಿವೆ, ಏಣಿ ಗೋಡೆಗೊರಗಿದೆ, ಬಿಡಿ ಸಾರ್, ಬಿಡುತ್ತಿಲ್ಲ, ನನ್ನ ಭುಜದ ಮೇಲೆ ಅವನ ಬೆರಳು, ಬಿಳಿಚಿಕೊಂಡ ಬೆರಳು, ಕಚ್ಚಿಕೊಂಡ ಹತ್ತೂ ಬೆರಳು —