ನರಪಿಳ್ಳೆಯೂ ಇಲ್ಲದ ಓಣಿ

ನಾನು ಮೂರು ವರ್ಷ ದೆವ್ವದ ಕೆಲಸ ಮಾಡಿದ್ದೇನೆ. ಸುಲಭದ ಕೆಲಸ ಎಂದುಕೊಳ್ಳಬೇಡಿ. ಹಳೇ ಪೇಟೆಯ ಉಗ್ರಾಣದ ಮೂರನೇ ಮಹಡಿಯ ಕಿಟಕಿಯಲ್ಲಿ ಸಂಜೆ ಆರೂವರೆಯಿಂದ ಎಂಟರವರೆಗೆ ಬರಿಗಾಲಲ್ಲಿ ನಿಲ್ಲಬೇಕು. ನೆಲ ಕಲ್ಲಿನದು, ಅದರ ಮೇಲೆ ಪಾರಿವಾಳದ ಹಿಕ್ಕೆ. ಕೂರುವಂತಿಲ್ಲ, ಕೂತ ದೆವ್ವ ಕೆಳಗಿನವರಿಗೆ ಕಾಣುವುದಿಲ್ಲ. ಕೆಮ್ಮುವಂತಿಲ್ಲ, ಸತ್ತವರಿಗೆ ನೆಗಡಿ ಆಗುವುದಿಲ್ಲ. ಕಕ್ಕಸಿಗೆ ಹೋಗಬೇಕೆಂದರೆ ಅಂಗಳ ದಾಟಬೇಕು, ಅಂಗಳದ ತುಂಬ ಜನ. ಅಂಗಿ ಎತ್ತಿಕೊಂಡು ಅವಸರವಾಗಿ ಓಡುವ ದೆವ್ವವನ್ನು ಕಂಡು ಯಾರು ಹೆದರುತ್ತಾರೆ? ಹಾಗಾಗಿ ಮಧ್ಯಾಹ್ನದಿಂದಲೇ ನಾನು ನೀರು ಕುಡಿಯುವುದನ್ನು ಬಿಟ್ಟಿದ್ದೆ.

ಅದಕ್ಕೂ ಮೊದಲು ನೂಲಿನ ಕಾರ್ಖಾನೆಯಲ್ಲಿ ಹರಿದ ಎಳೆಗಳಿಗೆ ಗಂಟು ಹಾಕುವವಳಾಗಿದ್ದೆ. ನನ್ನ ಗಂಡ ಅಲ್ಲೇ ಮೂಟೆ ಹೊರುತ್ತಿದ್ದ. ಕಾರ್ಖಾನೆ ಮುಚ್ಚಿತು. ಉಗ್ರಾಣ, ಅದರ ಹಿಂದಿನ ಓಣಿ, ಓಣಿಯ ಹನ್ನೊಂದು ಮನೆ ಎಲ್ಲವೂ ಒಬ್ಬರೇ ಯಜಮಾನರ ಕೈಗೆ ಬಂದವು. ನಾವು ಆ ಮನೆಗಳಲ್ಲಿ ಮೂರು ತಲೆಮಾರಿನಿಂದ ಬಾಡಿಗೆಗೆ ಇದ್ದವರು. ಒಂದು ದಿನ ಯಜಮಾನರು ನಮ್ಮನ್ನೆಲ್ಲ ಅಂಗಳಕ್ಕೆ ಕರೆಸಿದರು.

"ಈಗಿನ ಜನಕ್ಕೆ ಹೆದರ್ಕೊಳ್ಳೋದು ಅಂದ್ರೆ ಬಹಳ ಇಷ್ಟ. ಟಿಕೆಟ್ ತಗೊಂಡು ಹೆದರ್ತಾರೆ. ನಿಮಗೆ ಹೆದರಿಸೋ ಕೆಲಸ ಕೊಡ್ತೀನಿ" ಎಂದರು.

"ಅದಕ್ಕೆ ಏನಾದ್ರೂ ಕಲೀಬೇಕಾ ಸಾರ್?" ಎಂದು ನನ್ನ ಗಂಡ ಕೇಳಿದ.

"ಏನೂ ಬೇಡ. ಈಗ ಹೇಗಿದ್ದೀರೋ ಹಾಗೇ ಇದ್ರೆ ಸಾಕು."

ನಾವು ನಕ್ಕೆವು. ಹಸಿದವರಿಗೆ ಯಜಮಾನರು ಏನು ಹೇಳಿದರೂ ನಗು ಬರುತ್ತದೆ.

ಹೀಗೆ ಟಿಕೆಟ್ ಕೊಂಡವರನ್ನು ಕತ್ತಲಲ್ಲಿ ಉಗ್ರಾಣ, ಓಣಿ ಸುತ್ತಿಸಿ ಹೆದರಿಸುವ ದೆವ್ವದ ನಡಿಗೆ ಶುರುವಾಯಿತು. ಓಣಿಯ ಕೊನೆಯ ಮನೆಯವನು ಲಾಂದ್ರ ಹಿಡಿದು, ಕಥೆ ಹೇಳುತ್ತ ಜನರನ್ನು ಸುತ್ತಾಡಿಸುವವನು. ಕೊನೆಗೆ ಅವನನ್ನೇ ಎಲ್ಲರೂ ಲಾಂದ್ರ ಎಂದು ಕರೆಯತೊಡಗಿದರು. ಅವನ ನಾಲಿಗೆ ಎಂಥದ್ದೆಂದರೆ ಖಾಲಿ ಪೆಟ್ಟಿಗೆ ತೋರಿಸಿ ಇದರಲ್ಲಿ ಮೂರು ಹೆಣ ಇದ್ದವು ಎಂದು ನಂಬಿಸಿಬಿಡುತ್ತಿದ್ದ. ನಾನು ಬಿಳಿ ಅಂಗಿ ತೊಟ್ಟ ಕಿಟಕಿಯ ಮದುಮಗಳು. ನನ್ನ ಗಂಡ ರುಂಡವಿಲ್ಲದ ಸಿಪಾಯಿ. ಕೋಟಿನೊಳಗೆ ತಲೆ ಹುದುಗಿಸಿಕೊಂಡು ಗುಂಡಿಯ ತೂತಿನಿಂದ ಉಸಿರಾಡುತ್ತಿದ್ದ.

"ನನ್ನ ಮಗನಿಗೆ ತಲೆ ಇಲ್ಲ ಅಂತ ಅವನು ಹುಟ್ಟಿದಾಗಿಂದ ಹೇಳ್ತಾ ಇದ್ದೀನಿ. ಅದಕ್ಕೂ ಒಂದು ಕೆಲಸ ಸಿಕ್ತಲ್ಲ" ಎಂದರು ನಮ್ಮ ಅತ್ತೆ.

ಯಜಮಾನರ ನಿಯಮಗಳು ಒಂದೊಂದಾಗಿ ಬಂದವು. ನಡಿಗೆ ಮುಗಿಯುವವರೆಗೆ ಓಣಿಯಲ್ಲಿ ದೀಪ ಹಚ್ಚಬಾರದು, ಒಲೆ ಉರಿಯಬಾರದು, ಮಗು ಅಳಬಾರದು. ದೆವ್ವಗಳು ಹಗಲು ಹೊತ್ತು ದೊಡ್ಡ ಬೀದಿಗೆ ಬರಬಾರದು. ನಿನ್ನೆ ನಮ್ಮನ್ನು ನೋಡಿ ಬೆವತವರು ಇವತ್ತು ನಾವು ತರಕಾರಿ ಅಂಗಡಿಯಲ್ಲಿ ಚೌಕಾಸಿ ಮಾಡುವುದನ್ನು ನೋಡಿದರೆ ವ್ಯಾಪಾರದ ಗತಿಯೇನು? ರಜೆ ಕೇಳಿದರೆ "ದೆವ್ವಕ್ಕೆಂಥ ರಜೆ" ಎನ್ನುತ್ತಿದ್ದರು. ಜ್ವರ ಎಂದರೆ "ಒಳ್ಳೇದೇ ಆಯ್ತು, ಮುಖ ಬಿಳಿಚ್ಕೊಂಡಿರುತ್ತೆ" ಎನ್ನುತ್ತಿದ್ದರು. ನಮ್ಮ ಯಾರ ಹೆಸರೂ ಹಾಜರಿ ಪುಸ್ತಕದಲ್ಲಿ ಇರಲಿಲ್ಲ. ಲಾಂದ್ರ ಒಬ್ಬನೇ ನೌಕರ, ಉಳಿದದ್ದೆಲ್ಲ ತಾನಾಗಿ ಕಾಣಿಸಿಕೊಳ್ಳುವುದು ಎಂದು ಪುರಸಭೆಗೆ ಬರೆದುಕೊಟ್ಟಿದ್ದರಂತೆ.

ನಮ್ಮ ಮಾವ ನಲವತ್ತು ವರ್ಷ ನೂಲಿನ ಧೂಳು ಕುಡಿದು ಎದೆ ಕೆಡಿಸಿಕೊಂಡು ಹಾಸಿಗೆ ಹಿಡಿದವರು. ಸಂಜೆ ಕೆಮ್ಮು ಬಂದರೆ ದಿಂಬು ಕಚ್ಚಿಕೊಳ್ಳುತ್ತಿದ್ದರು. ಅತ್ತೆ ಕತ್ತಲಲ್ಲಿ ಅವರ ಎದೆ ನೀವುತ್ತ ಕೂತಿರುತ್ತಿದ್ದರು. ಅದೇ ಹೊತ್ತಿಗೆ, ಅದೇ ಗೋಡೆಯ ಆಚೆ ನಿಂತು ಲಾಂದ್ರ, "ನೂರು ವರ್ಷದಿಂದ ಈ ಓಣಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ" ಎನ್ನುತ್ತಿದ್ದ. ಆ ಮಾತಿಗೆ ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ಸಿಟ್ಟು ಬರತೊಡಗಿತು. ಆಮೇಲೆ ಅಭ್ಯಾಸವಾಯಿತು. ಅಭ್ಯಾಸವಾದದ್ದೇ ತಪ್ಪು.

ಇನ್ನೂ ದೊಡ್ಡ ತಪ್ಪೊಂದಿದೆ, ಹೇಳಲು ನಾಚಿಕೆಯಾಗುತ್ತದೆ. ನಡಿಗೆಯ ಕೊನೆಗೆ ಬಂದವರು ಅನಿಸಿಕೆ ಬರೆಯುವ ಪುಸ್ತಕ ಒಂದಿತ್ತು. "ಇಡೀ ಓಣಿ ಪಾಳು, ಮೈ ಜುಮ್ಮೆಂದಿತು" ಎಂದು ಒಬ್ಬರು ಬರೆಯುತ್ತಿದ್ದರು. "ಜೀವದ ಸುಳಿವೇ ಇಲ್ಲ, ತುಂಬ ಇಷ್ಟವಾಯಿತು" ಎಂದು ಇನ್ನೊಬ್ಬರು. ಲಾಂದ್ರ ಅದನ್ನು ಓದಿ ಹೇಳಿದಾಗ ನಾವು ಹಿಗ್ಗುತ್ತಿದ್ದೆವು. ಯಾರ ಮನೆ ಹೆಚ್ಚು ಪಾಳು ಕಾಣುತ್ತದೆ ಎಂದು ನಮ್ಮ ನಮ್ಮಲ್ಲೇ ಪೈಪೋಟಿ. ಪಕ್ಕದ ಮನೆಯ ದರ್ಜಿಯಂತೂ ಉಳಿದ ದಾರದಲ್ಲಿ ತಾನೇ ಜೇಡರ ಬಲೆ ಹೆಣೆದು ಬಾಗಿಲಿಗೆ ತೂಗುಹಾಕಿದ್ದ. ಹೆಂಡತಿ ಬಂದವಳೇ ಅದನ್ನು ಗುಡಿಸಿ ಹಾಕಿದ್ದಕ್ಕೆ ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದ.

ಒಂದು ಸಂಜೆ ನಡಿಗೆ ಮುಗಿದು ಜನ ಹೋದ ಮೇಲೂ ಮೂವರು ನನ್ನ ಕಿಟಕಿಯ ಕೆಳಗೆ ಉಳಿದರು. ಯಜಮಾನರು, ಲಾಂದ್ರ, ಇನ್ನೊಬ್ಬರು ಕಂಕುಳಲ್ಲಿ ಕಡತ ಹಿಡಿದ ಪುರಸಭೆಯ ಅಧಿಕಾರಿ. ಹಿಂದೆ ಒಂದೆರಡು ಸಲ ಅವರನ್ನು ಗುಂಪಿನಲ್ಲಿ ನೋಡಿದ್ದೆ. ಅವರು ಹೋಗುವ ತನಕ ನಾನು ಕಿಟಕಿ ಬಿಡುವಂತಿರಲಿಲ್ಲ.

ಅಧಿಕಾರಿ ತಲೆ ಎತ್ತಿ ನನ್ನನ್ನು ನೋಡಿದರು. "ಅದೇನದು?"

"ಬೊಂಬೆ ಸಾರ್" ಎಂದರು ಯಜಮಾನರು.

ಬೊಂಬೆಯ ಕಾಲು ಅಷ್ಟು ಹೊತ್ತಿಗೆ ಜೋಮು ಹಿಡಿದಿತ್ತು.

"ಎರಡು ತನಿಖೆ ಆಯ್ತು. ಎರಡು ಸಲಾನೂ ದೀಪ ಇಲ್ಲ, ಒಲೆ ಇಲ್ಲ, ಮನುಷ್ಯರಿಲ್ಲ. ಮೂರನೇ ಸಲಾನೂ ಹೀಗೇ ಇದ್ರೆ ವಾಸ ಇಲ್ಲದ ಮನೆಗಳು ಅಂತ ಮಹಜರು ಬರೀತೀನಿ. ಆಮೇಲೆ ಬಾಡಿಗೆದಾರರ ಹಕ್ಕು ಅನ್ನೋ ಪ್ರಶ್ನೇನೇ ಬರಲ್ಲ. ನೀವು ಒಡೀಬಹುದು" ಎಂದರು ಅಧಿಕಾರಿ.

"ಸಾಕ್ಷಿಗೆ ಈ ಪುಸ್ತಕಾನೂ ಇದೆ. ಮೂರು ವರ್ಷದಿಂದ ಎಷ್ಟು ಜನ ಬರೆದಿದ್ದಾರೆ ನೋಡಿ, ಇಲ್ಲಿ ಯಾರೂ ಇಲ್ಲ ಅಂತ. ನಾನು ಬರೆಸಿದ್ದಲ್ಲ" ಎಂದು ಯಜಮಾನರು ಅನಿಸಿಕೆ ಪುಸ್ತಕ ಬಿಡಿಸಿ ತೋರಿಸಿದರು. "ನಾಳೆ ಸಂಜೇನೇ ಬನ್ನಿ, ಮುಗಿಸಿಬಿಡೋಣ."

ಓಣಿಯಲ್ಲಿ ಜನ ಇರುವುದು ಅಧಿಕಾರಿಗೆ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಗೊತ್ತಾಗದಂತೆ ನೋಡಿಕೊಳ್ಳಲು ಮಾತ್ರ ಅವರು ಬಹಳ ಶ್ರಮ ಪಟ್ಟಂತೆ ಕಾಣುತ್ತಿತ್ತು. ಅವರು ಹೋದ ಮೇಲೆ ಯಜಮಾನರು ಲಾಂದ್ರನ ಹೆಗಲ ಮೇಲೆ ಕೈ ಹಾಕಿದರು.

"ಇಲ್ಲಿ ದೊಡ್ಡ ಹೋಟೆಲ್ ಬರುತ್ತೆ. ನೀನೇ ಮ್ಯಾನೇಜರು. ನಾಳೆ ಒಂದು ದಿನ ಚೆನ್ನಾಗಿ ಕಥೆ ಹೇಳಿಬಿಡು. ಏನಂತೀಯ?"

ಲಾಂದ್ರ ಕೈಯಲ್ಲಿದ್ದ ದೀಪದ ಬತ್ತಿ ಇಳಿಸಿದ. ಆಮೇಲೆ "ಸರಿ ಸಾರ್" ಎಂದ.

ಮೂರು ವರ್ಷ ಊರನ್ನೆಲ್ಲ ಹೆದರಿಸಿದವಳಿಗೆ ನಿಜವಾದ ಹೆದರಿಕೆ ಎಂದರೇನೆಂದು ಅವತ್ತು ಗೊತ್ತಾಯಿತು.

ಮರುದಿನ ಬೆಳಗ್ಗೆ ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ಕಾಯುತ್ತಿದ್ದವರಿಗೆಲ್ಲ ಕೇಳಿಸಿಕೊಂಡದ್ದನ್ನು ಒಂದೂ ಬಿಡದೆ ಹೇಳಿದೆ. ತುಂಬಿದ ಕೊಡದ ಮೇಲೆ ನೀರು ಸುರಿಯುತ್ತಲೇ ಇತ್ತು.

"ತಲೆ ಮೇಲೆ ನಾವೇ ಚಪ್ಪಡಿ ಎಳ್ಕೊಂಡಿದ್ದೀವಿ" ಎಂದಳು ದರ್ಜಿಯ ಹೆಂಡತಿ, ಗಂಡನನ್ನು ನೋಡುತ್ತ. "ಜೇಡರ ಬಲೆ ಬೇರೆ."

ದರ್ಜಿ ತಲೆ ತಗ್ಗಿಸಿದ. "ಸಂಜೆ ದೀಪ ಹಚ್ಚಿದ್ರೆ ಕೆಲಸ ಹೋಗುತ್ತಲ್ಲ?"

"ಮನೇನೇ ಹೋದ್ಮೇಲೆ ಕೆಲಸ ಇಟ್ಕೊಂಡು ಎಲ್ಲಿ ಮಲಗ್ತೀಯಪ್ಪ?" ಎಂದರು ಅತ್ತೆ. "ನಂದು ತೀರ್ಮಾನ ಆಗಿದೆ. ಇವತ್ತು ಸಂಜೆ ನಮ್ಮನೇಲಿ ಒಲೆ ಉರಿಯುತ್ತೆ, ದೀಪ ಉರಿಯುತ್ತೆ. ಬಂದವರಿಗೆ ಮುಖ ತೋರಿಸ್ತೀನಿ."

"ನಿಮ್ಮ ಮುಖ ನೋಡಿದ್ರೆ ಇನ್ನೂ ಹೆದರ್ತಾರಮ್ಮ" ಎಂದ ನನ್ನ ಗಂಡ. ಅತ್ತೆ ಅವನ ಮೇಲೆ ನೀರು ಎರಚಿದರು. ಆ ಬೆಳಗ್ಗೆ ಮೊದಲ ಸಲ ನಾವು ನಕ್ಕದ್ದು ಆಗಲೇ.

ಅಷ್ಟರಲ್ಲಿ ಲಾಂದ್ರ ಬಕೆಟ್ ಹಿಡಿದು ಬಂದ. ಎಲ್ಲರೂ ಅವನಿಗೆ ದಾರಿ ಬಿಟ್ಟರು. ಹಾಗೆ ದಾರಿ ಬಿಟ್ಟದ್ದೇ ಅವನಿಗೆ ಚುಚ್ಚಿತೇನೋ.

"ನನಗೂ ಎರಡು ಮಕ್ಕಳಿದ್ದಾರೆ ಅಕ್ಕ" ಎಂದ, ನನ್ನ ಮುಖ ನೋಡದೆ.

"ಇದ್ದಾರಾ? ನೂರು ವರ್ಷದಿಂದ ಇಲ್ಲಿ ಒಂದು ನರಪಿಳ್ಳೆಯೂ ಇಲ್ಲ ಅಂತೀಯಲ್ಲಪ್ಪ ದಿನಾ" ಎಂದೆ.

ಅವನು ಬಕೆಟ್ ಅರ್ಧ ತುಂಬಿದ ಕೂಡಲೇ ಎತ್ತಿಕೊಂಡು ಹೋದ. ಯಜಮಾನರಿಗೆ ಹೇಳಿಬಿಡುತ್ತಾನೆಯೇ? ಇಡೀ ದಿನ ನಮಗೆ ಅದೇ ಚಿಂತೆ.

ಸಂಜೆ ಜನ ಬಂದರು. ಇಪ್ಪತ್ತಕ್ಕೂ ಹೆಚ್ಚು ಮಂದಿ. ಹಿಂದೆ ಅಧಿಕಾರಿ, ಅವರ ಪಕ್ಕ ಯಜಮಾನರು. ಓಣಿ ಪೂರ್ತಿ ಕಾಣುವ ನನ್ನ ಕಿಟಕಿಯಲ್ಲಿ ನಾನು ನಿಂತಿದ್ದೆ. ಅವತ್ತು ಮಾತ್ರ ಚಪ್ಪಲಿ ಹಾಕಿಕೊಂಡಿದ್ದೆ, ಮಧ್ಯಾಹ್ನ ಎರಡು ಲೋಟ ನೀರೂ ಕುಡಿದಿದ್ದೆ.

ಲಾಂದ್ರ ಓಣಿಯ ಬಾಯಿಯಲ್ಲಿ ನಿಂತು ದೀಪ ಮೇಲೆತ್ತಿದ. "ನೂರು ವರ್ಷದಿಂದ ಈ ಓಣಿಯಲ್ಲಿ..." ಎಂದ. ಅಲ್ಲಿಗೇ ನಿಂತ. ಮೂರು ವರ್ಷದಲ್ಲಿ ಒಮ್ಮೆಯೂ ತೊದಲದ ನಾಲಿಗೆ ಅದು.

ಆಗ ನಮ್ಮ ಮನೆಯಲ್ಲಿ ದೀಪ ಹತ್ತಿತು. ಆಮೇಲೆ ದರ್ಜಿಯ ಮನೆ. ಆಮೇಲೆ ಎದುರು ಸಾಲು. ಹನ್ನೊಂದು ಬಾಗಿಲು ತೆರೆದುಕೊಂಡವು. ಎಲ್ಲೋ ಕುಕ್ಕರ್ ಕೂಗಿತು, ಎಲ್ಲೋ ಮಗು ಕಿತಾಪತಿ ಮಾಡಿ ಏಟು ತಿಂದು ಅತ್ತಿತು. ಬಂದವರಲ್ಲಿ ಮೂವರು ಕಿರುಚಿಕೊಂಡರು. ನನ್ನ ಗಂಡನ ರುಂಡವಿಲ್ಲದ ಮೈ ನೋಡಿಯೂ ಹಾಗೆ ಕಿರುಚಿದವರಿಲ್ಲ, ಹೊಸ್ತಿಲಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದ ದರ್ಜಿಯ ಹೆಂಡತಿಯನ್ನು ನೋಡಿ ಹೌಹಾರಿದರು. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಇದೂ ಆಟ ಎಂದುಕೊಂಡರು.

ನನಗೆ ತಡೆಯಲಾಗಲಿಲ್ಲ. ಕಿಟಕಿಯಿಂದ ಅರ್ಧ ಹೊರಗೆ ಬಗ್ಗಿ ಕೂಗಿದೆ: "ಚಪ್ಪಾಳೆ ಬೇಡ. ನಾವು ಇಲ್ಲೇ ಇರೋರು. ಒಳಗೆ ಬಂದು ನೋಡಿ."

ಅಧಿಕಾರಿ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದರು. ಪಾಪ, ಬೊಂಬೆ ಮಾತಾಡಿದ್ದನ್ನು ಅವರು ಎಂದೂ ಕೇಳಿರಲಿಲ್ಲ.

ನಾನು ಮೂರು ಮಹಡಿ ಇಳಿದು ಬರುವಷ್ಟರಲ್ಲಿ ಯಜಮಾನರ ವಾದ ಶುರುವಾಗಿತ್ತು. "ಇದು ಹೊಸ ಆಟ ಸಾರ್. ಇವರೆಲ್ಲ ನಮ್ಮ ಕೆಲಸದವರು. ಇಲ್ಲಿ ವಾಸ ಇಲ್ಲ."

"ನಿಮ್ಮ ಹತ್ರ ಇರೋದು ಒಬ್ಬನೇ ನೌಕರ ಅಂತ ಬರೆದುಕೊಟ್ಟಿದ್ದೀರಲ್ಲ" ಎಂದು ಅಧಿಕಾರಿ ಕಡತ ತಿರುವಿದರು. ಬಂದವರೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಅಷ್ಟು ಕಣ್ಣಿನ ಮುಂದೆ ಏನೂ ಕಾಣದವರಂತೆ ಇರುವುದು ಅಧಿಕಾರಿಗೂ ಕಷ್ಟವಾಗಿತ್ತು. "ಇವರು ನಿಮ್ಮ ಕೆಲಸದವರೋ, ಬಾಡಿಗೆಯವರೋ? ಎರಡರಲ್ಲಿ ಒಂದು ಹೇಳಿ."

ಅತ್ತ ದರಿ, ಇತ್ತ ಪುಲಿ. ಯಜಮಾನರು ಲಾಂದ್ರನ ಕಡೆ ನೋಡಿದರು. "ನೀನು ಹೇಳೋ. ಇಲ್ಲಿ ಯಾರಿದ್ದಾರೆ?"

ಲಾಂದ್ರ ಗಂಟಲು ಸರಿಮಾಡಿಕೊಂಡ. ದೀಪ ಮೇಲೆತ್ತಿದ. ದಿನಾ ಕಥೆ ಹೇಳುವ ಅದೇ ದನಿಯಲ್ಲಿ ಹೇಳತೊಡಗಿದ.

"ಎಡಗಡೆ ನೋಡಿ. ಇದು ಮೊದಲನೇ ಮನೆ. ಇಲ್ಲಿ ನೂಲಿನ ಕಾರ್ಖಾನೆಯ ಮುದುಕರೊಬ್ಬರು ಇದ್ದಾರೆ. ಮೂರು ವರ್ಷದಿಂದ ಸಂಜೆ ಹೊತ್ತು ಕೆಮ್ಮಿಲ್ಲ. ನಾನು ಇದೇ ಜಾಗದಲ್ಲಿ ನಿಂತು ಸುಳ್ಳು ಹೇಳ್ತಿದ್ದೆ, ಅವರು ಒಳಗೆ ದಿಂಬು ಕಚ್ಕೊಂಡಿರ್ತಿದ್ರು. ಎರಡನೇ ಮನೆ ದರ್ಜೀದು. ಐದು ಜನ. ಕೊನೇ ಮನೆ ನಂದು. ಮೊದಲನೇ ಮನೆಯಿಂದ್ಲೇ ಶುರು ಮಾಡೋಣ ಬನ್ನಿ, ಹುಷಾರಾಗಿ ಬನ್ನಿ, ಹೊಸ್ತಿಲು ಎತ್ತರ ಇದೆ."

ಅವನ ಹಿಂದೆ ಎಲ್ಲರೂ ನಮ್ಮ ಮನೆಗೆ ನುಗ್ಗಿದರು. ಜಾಗ ಸಾಲದೆ ಅಧಿಕಾರಿ ಮಾವನ ಹಾಸಿಗೆಯ ತುದಿಯಲ್ಲೇ ಕೂರಬೇಕಾಯಿತು. ಮಾವ ಅವರ ಮುಖ ನೋಡಿದರು, ಅತ್ತೆಯ ಮುಖ ನೋಡಿದರು. ಅತ್ತೆ ತಲೆಯಾಡಿಸಿದರು. ಮಾವ ಮೂರು ವರ್ಷದ ಕೆಮ್ಮನ್ನು ಒಟ್ಟಿಗೆ ಕೆಮ್ಮಿದರು. ನನಗೆ ಅಳು ಬಂತು. ಕೆಮ್ಮು ಕೇಳಿ ಸಂತೋಷಕ್ಕೆ ಅತ್ತವಳು ನಾನೊಬ್ಬಳೇ ಇರಬೇಕು.

ಅಧಿಕಾರಿ ಪೆನ್ನು ತೆಗೆದರು. ಮನೆ ಮನೆಗೆ ಹೋಗಿ ಹೆಸರು ಕೇಳಿ ಬರೆದುಕೊಂಡರು. ಒಟ್ಟು ನಲವತ್ತೊಂದು ಜನ. ನನ್ನ ಸರದಿ ಬಂದಾಗ "ಉದ್ಯೋಗ?" ಎಂದರು.

"ದೆವ್ವ" ಎಂದೆ.

"ಹಾಗೆಲ್ಲ ಬರೆಯೋಕೆ ಬರಲ್ಲಮ್ಮ."

"ಮಾಡಿದ್ದು ಅದೇ ಸಾರ್. ಮೂರು ವರ್ಷ. ಯಾರ ಹತ್ರ ಅಂತಾನೂ ಬರ್ಕೊಳ್ಳಿ."

ಅವರು ಯಜಮಾನರ ಕಡೆ ಒಮ್ಮೆ ನೋಡಿ, ಏನೋ ಬರೆದರು. ಏನು ಬರೆದಿರಿ ಎಂದೆ. ಓದಿ ಹೇಳಿದರು: "ನಡಿಗೆಯ ಕೆಲಸಗಾರ್ತಿ, ಇದೇ ಮನೆಯ ವಾಸಿ." ಎರಡೂ ಬಂದವು ಎಂದು ಅತ್ತೆ ಹಿಂದಿನಿಂದ ನನ್ನ ಬೆನ್ನು ಗುದ್ದಿದರು.

ನಡಿಗೆಗೆ ಬಂದವರಲ್ಲಿ ಹದಿಮೂರು ಮಂದಿ ಸಾಕ್ಷಿ ಎಂದು ಸಹಿ ಹಾಕಿದರು. ಉಳಿದವರು ಹೆದರಿಕೆಯೇ ಆಗಲಿಲ್ಲ, ಟಿಕೆಟ್ ದುಡ್ಡು ವಾಪಸ್ ಕೊಡಿ ಎಂದು ಯಜಮಾನರನ್ನು ಹಿಡಿದುಕೊಂಡರು. ಯಜಮಾನರು ಮಾತ್ರ ಸಹಿ ಹಾಕಲಿಲ್ಲ.

"ನಾಳೆಯಿಂದ ನಡಿಗೆ ಬಂದ್. ಏನು ತಿಂತೀರೋ ನೋಡ್ತೀನಿ. ಕೋರ್ಟಿಗೆ ಹೋಗ್ತೀನಿ" ಎಂದರು.

ಕೆಲಸ ಹೋಯಿತಲ್ಲ ಎಂದು ನನಗೆ ದಿಗಿಲಾಯಿತು. ಸುಳ್ಳು ಹೇಳುವುದಿಲ್ಲ. ನಾಳೆ ಏನು ಎಂದು ಯಾರಿಗೂ ಗೊತ್ತಿರಲಿಲ್ಲ. ಆದರೆ ಯಾರೂ ಕೈ ಮುಗಿಯಲಿಲ್ಲ, ತಪ್ಪಾಯಿತು ಎನ್ನಲಿಲ್ಲ. ಲಾಂದ್ರ ಕೂಡ.

ಯಜಮಾನರು ಹೊರಟರು. ಅವರ ಕಾರು ನಿಂತದ್ದು ಓಣಿಯ ಆ ತುದಿಯಲ್ಲಿ, ಹನ್ನೊಂದು ಬಾಗಿಲು ದಾಟಿಯೇ ಹೋಗಬೇಕು. ನಾವು ಏನೂ ಮಾಡಲಿಲ್ಲ. ನಮ್ಮ ನಮ್ಮ ಹೊಸ್ತಿಲ ಮೇಲೆ ಬೆಳಕಿನಲ್ಲಿ ನಿಂತು ಅವರನ್ನು ನೋಡುತ್ತಿದ್ದೆವು, ಅಷ್ಟೇ. ಮೊದಲ ಎರಡು ಮನೆ ಅವರು ಗತ್ತಿನಿಂದಲೇ ದಾಟಿದರು. ಐದನೆಯದಕ್ಕೆ ಹೆಜ್ಜೆ ಬಿರುಸಾಯಿತು. ಎಂಟನೆಯದಕ್ಕೆ ಹಿಂತಿರುಗಿ ನೋಡಿದರು. ಆಮೇಲೆ ಓಡಿಯೇ ಬಿಟ್ಟರು. ಮೂರು ವರ್ಷದಲ್ಲಿ ಆ ಓಣಿಯಲ್ಲಿ ಅಷ್ಟು ಹೆದರಿ ಓಡಿದವರನ್ನು ನಾನು ನೋಡಿರಲಿಲ್ಲ.